ವಿಎಂ ಯಾವ ಡಿಸ್ಕ್‌ನಿಂದ ಬೂಟ್ ಆಗಬೇಕು? ಅದನ್ನು ನೀವೇ ತೀರ್ಮಾನಿಸುವ ಬಗೆ

ಒಂದು ಲಿನಕ್ಸ್ ವಿಎಂ (ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್‌ನಿಂದ ಓಡುವ ಇನ್ನೊಂದು ಕಂಪ್ಯೂಟರ್) ಇದೆ ಅಂದುಕೊಳ್ಳಿ. ಅದರ ಡಿಸ್ಕ್ ಹಳೆಯ ಹಾರ್ಡ್ ಡಿಸ್ಕ್ ಮೇಲೆ ಕೂತಿದೆ, ತುಂಬಾ ನಿಧಾನ. ಹೊಸ ಎಸ್‌ಎಸ್‌ಡಿ ತಂದು, ಅದರ ಮೇಲೆ ಡಿಸ್ಕಿನ ಒಂದು ಕಾಪಿ ಮಾಡಿದಿರಿ. ಎರಡನ್ನೂ ವಿಎಂಗೆ ಸೇರಿಸಿ, ಹೊಸದನ್ನು ಬೂಟ್ ಪಟ್ಟಿಯಲ್ಲಿ ಮೇಲಿಟ್ಟು ಆನ್ ಮಾಡಿದಿರಿ. ಲಾಗಿನ್ ಪರದೆ ಬಂತು. ಎಲ್ಲ ಸರಿಯಾಯ್ತು ಅನ್ನಿಸುತ್ತದೆ. ಎರಡು ವಾರ ಬಿಟ್ಟು ಹಳೆಯ ಡಿಸ್ಕ್ ಅಳಿಸಿ ಹಾಕುತ್ತೀರಿ. ಆಗ ಗೊತ್ತಾಗುತ್ತದೆ, ಅಷ್ಟೂ ದಿನ ವಿಎಂ ಓಡುತ್ತಿದ್ದದ್ದು ಹಳೆಯದರ ಮೇಲೇ ಅಂತ. ಎರಡು ವಾರದ ಡೇಟಾ ಹೋಯಿತು.

ಎರಡು ಡಿಸ್ಕ್ ಇರುವ ವಿಎಂಗಳಲ್ಲಿ ಇದು ಅಪರೂಪವೇನಲ್ಲ. ಸೆಟ್ಟಿಂಗ್ಸ್‌ನಲ್ಲಿ ಡಿಸ್ಕನ್ನು ಒಂದು ಸಾಲು ಮೇಲೆ ಎಳೆದರೆ ಮುಗಿಯಿತು ಎಂದು ಬಹಳ ಜನ ತಿಳಿದಿರುತ್ತಾರೆ. ಆದರೆ ಈ ತೀರ್ಮಾನ ಒಬ್ಬರ ಕೈಯಲ್ಲಿಲ್ಲ, ಮೂರು ಕಡೆ ಹಂಚಿಹೋಗಿದೆ.

ಮೊದಲನೆಯದು ಹೈಪರ್‌ವೈಸರ್, ಅಂದರೆ ವಿಎಂಗಳನ್ನು ಓಡಿಸುವ ಸಾಫ್ಟ್‌ವೇರ್. ಯಾವ ಡಿಸ್ಕನ್ನು ಮೊದಲು ನೋಡಬೇಕು ಎಂಬ ಪಟ್ಟಿ ಕೊಡುವುದು ಇದು. ಎರಡನೆಯದು ವಿಎಂ ಒಳಗಿನ ಫರ್ಮ್‌ವೇರ್, ಅಂದರೆ ಬಯಾಸ್ ಅಥವಾ ಯುಇಎಫ್‌ಐ. ಆ ಪಟ್ಟಿ ಹಿಡಿದು ಡಿಸ್ಕ್ ಹುಡುಕುವುದು ಇದರ ಕೆಲಸ. ಯುಇಎಫ್‌ಐ ಆದರೆ ಅದಕ್ಕೆ ತನ್ನದೇ ನೆನಪೂ ಇರುತ್ತದೆ. ಮೂರನೆಯದು ಡಿಸ್ಕ್ ಒಳಗಿರುವ ಬೂಟ್‌ಲೋಡರ್ (ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಗ್ರಬ್) ಮತ್ತು ಅದು ಎಬ್ಬಿಸುವ ಕರ್ನಲ್. ರೂಟ್ ಫೈಲ್‌ಸಿಸ್ಟಮ್ (ಇಡೀ ವ್ಯವಸ್ಥೆಯ ಫೈಲ್‌ಗಳಿರುವ ಮುಖ್ಯ ಜಾಗ) ಯಾವುದು ಎಂದು ಕೊನೆಗೆ ಹೇಳುವುದು ಇವು. ಮೇಲೆ ಹೇಳಿದ ಪ್ರಸಂಗದಲ್ಲಿ ಮೊದಲ ಇಬ್ಬರು ನಿಮ್ಮ ಮಾತು ಕೇಳಿದ್ದರು. ಕೈಕೊಟ್ಟದ್ದು ಮೂರನೆಯವನು.

ಈ ಬರಹದ ಮುಖ್ಯ ಉದಾಹರಣೆ ಲಿನಕ್ಸ್ ಹೋಸ್ಟ್ (ವಿಎಂ ಓಡಿಸುವ ಅಸಲಿ ಯಂತ್ರ) ಮೇಲಿನ ಕೆವಿಎಂ ಎಂಬ ಹೈಪರ್‌ವೈಸರ್, ಅದನ್ನು ನಡೆಸುವ ವರ್ಟ್-ಮ್ಯಾನೇಜರ್ ಎಂಬ ಪ್ರೋಗ್ರಾಂ ಜೊತೆ. ಇದರಲ್ಲಿ ವಿಎಂ ಓಡಿಸುವ ಪ್ರೋಗ್ರಾಂ ಕೆಮು, ವಿಎಂಗಳ ಕಾನ್ಫಿಗ್ ನೋಡಿಕೊಳ್ಳುವುದು ಲಿಬ್‌ವರ್ಟ್. ವರ್ಚುವಲ್‌ಬಾಕ್ಸ್, ಪ್ರಾಕ್ಸ್‌ಮಾಕ್ಸ್, ವಿಎಂವೇರ್, ಹೈಪರ್-ವಿ ಬಳಸುವವರಿಗೆ ಕೊನೆಯಲ್ಲಿ ಬೇರೆಯಾಗಿ ಹೇಳಿದ್ದೇನೆ. ಆದರೆ ಯುಯುಐಡಿ (ಪ್ರತಿ ಫೈಲ್‌ಸಿಸ್ಟಮ್‌ಗೂ ಇರುವ ಗುರುತು ಸಂಖ್ಯೆ) ಭಾಗವನ್ನು ಎಲ್ಲರೂ ಓದಲೇಬೇಕು. ಕಮಾಂಡ್‌ಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಿ.

ಇನ್ನೊಂದು ಮಾತು. ಡಿಸ್ಕ್ ತುಂಬಿದೆ, ಜಾಗ ಜಾಸ್ತಿ ಬೇಕು ಅನ್ನುವುದಷ್ಟೇ ನಿಮ್ಮ ತೊಂದರೆಯಾದರೆ ಎರಡನೇ ಡಿಸ್ಕ್ ಬೇಕಾಗಿಯೇ ಇಲ್ಲ. ವಿಎಂ ಆಫ್ ಮಾಡಿ, ಕೆಮು-ಇಮೇಜ್ ಕಮಾಂಡಿನ ರಿಸೈಜ್‌ನಿಂದ ಇರುವ ಡಿಸ್ಕನ್ನೇ ದೊಡ್ಡದು ಮಾಡಿ, ಆಮೇಲೆ ಒಳಗಿನ ಪಾರ್ಟಿಶನ್ ಹಿಗ್ಗಿಸಿ. ಸುಮ್ನೆ ಕಾಪಿ ಮಾಡಿ ತಲೆನೋವು ತಂದುಕೊಳ್ಳಬೇಡಿ.

ಶುರು ಮಾಡುವ ಮುಂಚೆ

ಮೊದಲು ವಿಎಂ ಬಯಾಸ್‌ನಲ್ಲಿದೆಯೋ ಯುಇಎಫ್‌ಐನಲ್ಲಿದೆಯೋ ನೋಡಿಕೊಳ್ಳಿ. ವರ್ಟ್-ಮ್ಯಾನೇಜರ್‌ನಲ್ಲಿ ವಿಎಂ ತೆರೆದು, ಮೇಲಿರುವ ಬಲ್ಬ್ ಚಿತ್ರದ ಬಟನ್ ಒತ್ತಿದರೆ ಹಾರ್ಡ್‌ವೇರ್ ವಿವರ ಬರುತ್ತದೆ. ಎಡಗಡೆ ಮೊದಲ ಸಾಲು ಓವರ್‌ವ್ಯೂ. ಅಲ್ಲಿ ಫರ್ಮ್‌ವೇರ್ ಯಾವುದು ಎಂದು ಬರೆದಿರುತ್ತದೆ. ವಿಎಂ ಒಳಗೇ ಕೂತಿದ್ದರೆ /ಸಿಸ್/ಫರ್ಮ್‌ವೇರ್/ಇಎಫ್‌ಐ ಎಂಬ ಫೋಲ್ಡರ್ ಇದೆಯಾ ನೋಡಿ. ಇದ್ದರೆ ಯುಇಎಫ್‌ಐ, ಇಲ್ಲದಿದ್ದರೆ ಬಯಾಸ್. ಒಂದರಲ್ಲಿ ಇನ್‌ಸ್ಟಾಲ್ ಆದ ಡಿಸ್ಕ್ ಇನ್ನೊಂದರಲ್ಲಿ ಸಾಮಾನ್ಯವಾಗಿ ಏಳುವುದಿಲ್ಲ. ಎಷ್ಟೋ ಸಲ ಜನ ಬೂಟ್ ಆರ್ಡರ್ ಜೊತೆ ಗುದ್ದಾಡುತ್ತಿರುತ್ತಾರೆ, ಅಸಲಿ ತೊಂದರೆ ಇದಾಗಿರುತ್ತದೆ.

ಎರಡನೆಯದಾಗಿ, ಡಿಸ್ಕ್‌ಗಳಿಗೆ ಸೀರಿಯಲ್ ಕೊಡಿ. ಎರಡು ನಿಮಿಷದ ಕೆಲಸ, ಆಮೇಲೆ ಬಹಳ ಉಪಕಾರ ಮಾಡುತ್ತದೆ. ವರ್ಟ್-ಮ್ಯಾನೇಜರ್‌ನಲ್ಲಿ ಡಿಸ್ಕ್ ಸಾಲನ್ನು ಆರಿಸಿ, ಅಡ್ವಾನ್ಸ್ಡ್ ಆಪ್ಶನ್ಸ್ ಬಿಚ್ಚಿದರೆ ಸೀರಿಯಲ್ ಎಂಬ ಖಾಲಿ ಜಾಗ ಸಿಗುತ್ತದೆ. ಒಂದಕ್ಕೆ ಹಳೆಯದು, ಇನ್ನೊಂದಕ್ಕೆ ಹೊಸದು ಎಂಬರ್ಥದ ಚಿಕ್ಕ ಇಂಗ್ಲಿಷ್ ಹೆಸರು ಹಾಕಿ. ವರ್ಟ್‌ಐಓ ಡಿಸ್ಕ್‌ಗೆ (ವಿಎಂಗಳಿಗೆಂದೇ ಮಾಡಿದ ಸಂಪರ್ಕ ಬಳಸುವ ಡಿಸ್ಕ್) 20 ಅಕ್ಷರಗಳ ಮಿತಿ ಇದೆ. ಈ ಹೆಸರು ವಿಎಂ ಒಳಗೂ ಕಾಣುತ್ತದೆ. ಇದಿಲ್ಲದೆ ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ವಿಡಿಎ, ವಿಡಿಬಿ ಎಂಬ ಹೆಸರು ನಂಬಿ ಕೂತರೆ ಕೆಟ್ಟಿರಿ. ಆ ಹೆಸರುಗಳು ಕರ್ನಲ್‌ಗೆ ಡಿಸ್ಕ್ ಸಿಕ್ಕ ಕ್ರಮದಲ್ಲಿ ಬರುತ್ತವೆ, ಬೂಟ್ ಆದ ಕ್ರಮದಲ್ಲಲ್ಲ. ವಿಡಿಬಿಯಿಂದ ಬೂಟ್ ಆದ ವಿಎಂನಲ್ಲೂ ವಿಡಿಎ ಎನ್ನುವುದು ಇದ್ದೇ ಇರುತ್ತದೆ.

ಮೂರನೆಯದಾಗಿ ಬ್ಯಾಕಪ್. ವಿಎಂ ಆಫ್ ಮಾಡಿ ಡಿಸ್ಕ್ ಫೈಲಿನ ಒಂದು ಕಾಪಿ ಬೇರೆ ಕಡೆ ಇಡಿ.

ಹೆಜ್ಜೆ 1: ಹೈಪರ್‌ವೈಸರ್‌ನ ಪಟ್ಟಿ

ವಿಎಂ ಪೂರ್ತಿ ಆಫ್ ಆಗಿರಲಿ. ಹಾರ್ಡ್‌ವೇರ್ ವಿವರದ ಎಡಪಟ್ಟಿಯಲ್ಲಿ ಬೂಟ್ ಆಪ್ಶನ್ಸ್ ಒತ್ತಿ. ಬೂಟ್ ಡಿವೈಸ್ ಆರ್ಡರ್ ಎಂಬ ಪಟ್ಟಿಯಲ್ಲಿ ಡಿಸ್ಕ್, ಸಿಡಿರಾಮ್, ನೆಟ್‌ವರ್ಕ್ ಕಾರ್ಡ್ ಎಲ್ಲ ಒಂದೊಂದು ಸಾಲಾಗಿ ಕಾಣುತ್ತವೆ. ವರ್ಟ್‌ಐಓ ಡಿಸ್ಕ್ 1, ವರ್ಟ್‌ಐಓ ಡಿಸ್ಕ್ 2 ಎಂದು ಬೇರೆ ಬೇರೆಯಾಗಿಯೇ ಇರುತ್ತವೆ. ಬೇಕಾದ ಡಿಸ್ಕಿನ ಮುಂದೆ ಟಿಕ್ ಹಾಕಿ, ಪಕ್ಕದ ಬಾಣದ ಗುರುತಿನಿಂದ ಮೇಲಕ್ಕೆ ತಳ್ಳಿ. ಬೇಡದ್ದರ ಟಿಕ್ ತೆಗೆಯಿರಿ. ಅಪ್ಲೈ ಒತ್ತಿ. ಯಾವುದು 1, ಯಾವುದು 2 ಎಂದು ಗೊಂದಲವಾದರೆ ಆ ಡಿಸ್ಕಿನ ಸಾಲಿಗೆ ಹೋಗಿ ಸೋರ್ಸ್ ಪಾತ್ ನೋಡಿ. ಫೈಲ್ ಹೆಸರು ಅಲ್ಲೇ ಇರುತ್ತದೆ.

ಇಲ್ಲಿ ಬಹಳ ಜನ ಎಡವುವ ಕಡೆ ಒಂದಿದೆ. ಓಡುತ್ತಿರುವ ವಿಎಂನಲ್ಲಿ ಈ ಪಟ್ಟಿ ಬದಲಿಸಿ, ಒಳಗಿನಿಂದ ರೀಬೂಟ್ ಕೊಟ್ಟರೆ ಏನೂ ಬದಲಾಗುವುದಿಲ್ಲ. ರೀಬೂಟ್‌ನಲ್ಲಿ ಕೆಮು ಪ್ರಕ್ರಿಯೆ ಸಾಯುವುದಿಲ್ಲ, ಅದೇ ಹಳೆಯ ಪಟ್ಟಿ ಹಿಡಿದು ಮತ್ತೆ ಶುರುವಾಗುತ್ತದೆ. ಶಟ್‌ಡೌನ್ ಮಾಡಿ, ವಿಎಂ ಆಫ್ ಎಂದು ತೋರಿಸಿದ ಮೇಲೆ ಆನ್ ಮಾಡಬೇಕು.

ಟರ್ಮಿನಲ್ ಇಷ್ಟಪಡುವವರು ವರ್ಶ್ ಎಡಿಟ್ ಕಮಾಂಡ್ ಕೊಟ್ಟು, ಮುಂದೆ ವಿಎಂ ಹೆಸರು ಹಾಕಿ, ಅದರ ಕಾನ್ಫಿಗ್ ಇರುವ ಎಕ್ಸ್‌ಎಂಎಲ್ ತೆರೆಯಬಹುದು. ಅಲ್ಲಿ ಬೂಟ್ ಕ್ರಮ ಬರೆಯಲು ಎರಡು ದಾರಿಗಳಿವೆ. ಹಳೆಯ ದಾರಿಯಲ್ಲಿ ಓಎಸ್ ಎಂಬ ಟ್ಯಾಗಿನ ಒಳಗೆ ಬೂಟ್ ಡೆವ್ ಎಂದು ಬರೆದು, ಎಚ್‌ಡಿ, ಸಿಡಿರಾಮ್, ನೆಟ್‌ವರ್ಕ್ ಎಂದು ಜಾತಿ ಹೇಳುವುದು. ಇದರಲ್ಲಿ ಹಾರ್ಡ್ ಡಿಸ್ಕ್ ಎನ್ನಬಹುದೇ ಹೊರತು ಯಾವ ಹಾರ್ಡ್ ಡಿಸ್ಕ್ ಎನ್ನಲು ಆಗುವುದಿಲ್ಲ. ಎರಡು ಡಿಸ್ಕ್ ಇರುವವರಿಗೆ ಇದು ಉಪಯೋಗವಿಲ್ಲ. ಹೊಸ ದಾರಿಯಲ್ಲಿ ಪ್ರತಿ ಡಿಸ್ಕ್ ಟ್ಯಾಗಿನ ಒಳಗೇ ಬೂಟ್ ಆರ್ಡರ್ 1, ಬೂಟ್ ಆರ್ಡರ್ 2 ಎಂದು ಬರೆಯುವುದು. ನಿಮಗೆ ಬೇಕಾದದ್ದು ಇದೇ.

ಎರಡನ್ನೂ ಒಟ್ಟಿಗೆ ಇಡುವ ಹಾಗಿಲ್ಲ. ಇಟ್ಟರೆ ಲಿಬ್‌ವರ್ಟ್ ಫೈಲ್ ಉಳಿಸಿಕೊಳ್ಳುವುದೇ ಇಲ್ಲ, ಡಿವೈಸ್ ಮಟ್ಟದ ಬೂಟ್ ಟ್ಯಾಗ್ ಮತ್ತು ಓಎಸ್ ಒಳಗಿನ ಬೂಟ್ ಟ್ಯಾಗ್ ಜೊತೆಯಾಗಿ ಇರಬಾರದು ಎಂದು ದೂರುತ್ತದೆ. ಓಎಸ್ ಒಳಗಿನ ಬೂಟ್ ಸಾಲುಗಳನ್ನೆಲ್ಲ ಅಳಿಸಿ, ಡಿಸ್ಕ್ ಒಳಗಿನದನ್ನು ಮಾತ್ರ ಉಳಿಸಿ. ಎರಡು ಡಿಸ್ಕ್‌ಗೆ ಒಂದೇ ಅಂಕಿ ಕೊಟ್ಟರೂ ನಡೆಯುವುದಿಲ್ಲ.

ಹೆಜ್ಜೆ 2, ಬಯಾಸ್ ವಿಎಂ ಆದರೆ

ಕೆಮುವಿನ ಬಯಾಸ್ ಹೆಸರು ಸೀಬಯಾಸ್. ಇದಕ್ಕೆ ನೆನಪು ಇಲ್ಲ. ಪ್ರತಿ ಸಲ ಹೈಪರ್‌ವೈಸರ್ ಕೊಟ್ಟ ಪಟ್ಟಿ ಓದುತ್ತದೆ. ಮೊದಲ ಡಿಸ್ಕಿನ ಮೊದಲ 512 ಬೈಟ್ ತೆಗೆದು, ಅದರ ಕೊನೆಯಲ್ಲಿ ಬೂಟ್ ಗುರುತು ಇದ್ದರೆ ಅದನ್ನೇ ಓಡಿಸುತ್ತದೆ. ಇಲ್ಲದಿದ್ದರೆ ಎರಡನೇ ಹಾರ್ಡ್ ಡಿಸ್ಕನ್ನು ನೋಡುವುದಿಲ್ಲ, ಪಟ್ಟಿಯಲ್ಲಿರುವ ಸಿಡಿರಾಮ್, ನೆಟ್‌ವರ್ಕ್‌ನಂಥ ಬೇರೆ ಜಾತಿಗೆ ಹೋಗುತ್ತದೆ.

ಪರದೆಯ ಮೇಲಿನ ಸಾಲುಗಳನ್ನು ಓದುವುದು ಕಲಿತರೆ ಅರ್ಧ ಕೆಲಸ ಮುಗಿದಂತೆ. ಬೂಟಿಂಗ್ ಫ್ರಮ್ ಹಾರ್ಡ್ ಡಿಸ್ಕ್ ಎಂಬ ಸಾಲು ಬಂದು ಕರ್ಸರ್ ಅಲ್ಲೇ ಮಿನುಗುತ್ತಾ ನಿಂತರೆ, ಡಿಸ್ಕ್ ಸಿಕ್ಕಿದೆ, ಗುರುತೂ ಇದೆ, ಆದರೆ ಒಳಗಿನ ಬೂಟ್‌ಲೋಡರ್ ಕೆಟ್ಟಿದೆ ಎಂದರ್ಥ. ನಾಟ್ ಎ ಬೂಟಬಲ್ ಡಿಸ್ಕ್ ಎಂದರೆ ಗುರುತೇ ಇಲ್ಲ. ನೋ ಬೂಟಬಲ್ ಡಿವೈಸ್ ಎಂದರೆ ಪಟ್ಟಿ ಮುಗಿಯಿತು, ಯಾವುದೂ ಸಿಗಲಿಲ್ಲ. ಗ್ರಬ್ ರೆಸ್ಕ್ಯೂ ಎಂಬ ಪ್ರಾಂಪ್ಟ್ ಬಂದರೆ ಬಯಾಸ್ ತನ್ನ ಕೆಲಸ ಮಾಡಿ ಮುಗಿಸಿದೆ, ಇನ್ನು ಬೂಟ್ ಆರ್ಡರ್ ಮುಟ್ಟಿ ಪ್ರಯೋಜನವಿಲ್ಲ.

ಡಿಸ್ಕನ್ನು ಪೂರ್ತಿಯಾಗಿ ಕಾಪಿ ಮಾಡಿದ್ದರೆ ಮೊದಲ 512 ಬೈಟ್ ತಾನಾಗಿಯೇ ಬಂದಿರುತ್ತದೆ. ಪಾರ್ಟಿಶನ್ ಮಾತ್ರ ಕಾಪಿ ಮಾಡಿದ್ದರೆ ಅದು ಬಂದಿರುವುದಿಲ್ಲ. ಆಗ ಒಳಗೆ ಹೋಗಿ ಗ್ರಬ್-ಇನ್‌ಸ್ಟಾಲ್ ಕಮಾಂಡಿಗೆ ಹೊಸ ಡಿಸ್ಕಿನ ಹೆಸರು ಕೊಡಿ. ಪಾರ್ಟಿಶನ್ ಹೆಸರಲ್ಲ, ಪೂರ್ತಿ ಡಿಸ್ಕಿನ ಹೆಸರು. ವಿಡಿಬಿ1 ಅಲ್ಲ, ವಿಡಿಬಿ.

ಇನ್ನೊಂದು ಸೂಕ್ಷ್ಮ. ಹೊಸ ಸೀಬಯಾಸ್ ಆವೃತ್ತಿಗಳು ಬೂಟ್ ಪಟ್ಟಿಯಲ್ಲಿಲ್ಲದ ವರ್ಟ್‌ಐಓ ಡಿಸ್ಕ್‌ಗಳನ್ನು ಎಬ್ಬಿಸುವುದೇ ಇಲ್ಲ, ಬೇಗ ಬೂಟ್ ಆಗಲಿ ಎಂದು. ಲಿನಕ್ಸ್‌ಗೆ ಇದರಿಂದ ತೊಂದರೆಯಿಲ್ಲ, ಅದು ತನ್ನ ಡ್ರೈವರ್‌ನಿಂದ ಡಿಸ್ಕ್ ಹುಡುಕಿಕೊಳ್ಳುತ್ತದೆ. ತೊಂದರೆ ಗ್ರಬ್‌ಗೆ. ಗ್ರಬ್ ಡಿಸ್ಕ್ ಓದುವುದು ಬಯಾಸ್ ಮೂಲಕವೇ. ನಿಮ್ಮ ಬೂಟ್ ಫೋಲ್ಡರ್ ಎರಡು ಡಿಸ್ಕ್ ಮೇಲೆ ಹರಡಿದ ಎಲ್‌ವಿಎಂನಲ್ಲಿದ್ದು (ಹಲವು ಡಿಸ್ಕ್‌ಗಳನ್ನು ಒಂದೇ ಜಾಗದಂತೆ ಜೋಡಿಸುವ ಲಿನಕ್ಸ್ ವ್ಯವಸ್ಥೆ), ಪಟ್ಟಿಯಲ್ಲಿ ಒಂದಕ್ಕೆ ಮಾತ್ರ ಟಿಕ್ ಇದ್ದರೆ, ಡಿಸ್ಕ್ ನಾಟ್ ಫೌಂಡ್ ಎಂದು ಗ್ರಬ್ ಕೈಚೆಲ್ಲುತ್ತದೆ. ಅಂಥ ವಿಎಂನಲ್ಲಿ ಎಲ್‌ವಿಎಂನ ಎಲ್ಲ ಡಿಸ್ಕ್‌ಗೂ ಟಿಕ್ ಹಾಕಿ, ಗ್ರಬ್ ಇರುವುದನ್ನು ಮೇಲಿಡಿ.

ಹೆಜ್ಜೆ 2, ಯುಇಎಫ್‌ಐ ವಿಎಂ ಆದರೆ

ಇಲ್ಲಿ ಕತೆ ಬೇರೆ. ಕೆಮು ವಿಎಂಗಳ ಯುಇಎಫ್‌ಐ ಎಂದರೆ ಓವಿಎಂಎಫ್. ಅದು ತನ್ನ ಬೂಟ್ ನಮೂದುಗಳನ್ನು, ಆಫ್ ಆದರೂ ಅಳಿಯದ ನೆನಪಾದ ಎನ್‌ವಿರ‍್ಯಾಮ್‌ನಲ್ಲಿ ಬರೆದಿಡುತ್ತದೆ. ಪ್ರತಿ ವಿಎಂಗೂ ಇದಕ್ಕೊಂದು ಬೇರೆ ಫೈಲ್ ಇರುತ್ತದೆ. ಸಾಮಾನ್ಯವಾಗಿ /ವಾರ್/ಲಿಬ್/ಲಿಬ್‌ವರ್ಟ್/ಕೆಮು/ಎನ್‌ವಿರ‍್ಯಾಮ್ ಫೋಲ್ಡರಿನಲ್ಲಿ. ವಿಎಂ ಬೇರೆ ಹೋಸ್ಟ್‌ಗೆ ಸಾಗಿಸುವಾಗ ಡಿಸ್ಕ್ ಫೈಲ್ ಮಾತ್ರ ತೆಗೆದುಕೊಂಡು ಹೋಗಿ, ಇದನ್ನು ಬಿಟ್ಟುಹೋಗುವವರೇ ಜಾಸ್ತಿ.

ಒಳಗೆ ಕೂತು ನೋಡಲು ಇಎಫ್‌ಐ-ಬೂಟ್-ಮ್ಯಾನೇಜರ್ ಇದೆ, ಕಮಾಂಡ್ ಇಎಫ್‌ಐಬೂಟ್‌ಎಂಜಿಆರ್, ಜೊತೆಗೆ ಮೈನಸ್ ವಿ. ಮೇಲಿನ ಸಾಲಿನಲ್ಲಿ ಬೂಟ್‌ಕರೆಂಟ್ ಎಂದಿರುತ್ತದೆ. ಈಗ ಯಾವ ನಮೂದಿನಿಂದ ಎದ್ದಿದ್ದೀರಿ ಎಂಬುದು ಅದು. ಕೆಳಗೆ ಬೂಟ್‌ಆರ್ಡರ್, ಆಮೇಲೆ ಒಂದೊಂದು ನಮೂದು. ಮೈನಸ್ ಓ ಕೊಟ್ಟು ಕ್ರಮ ಬದಲಿಸಬಹುದು, ಮೈನಸ್ ಎನ್ ಕೊಟ್ಟು ಮುಂದಿನ ಒಂದು ಬೂಟ್‌ಗೆ ಮಾತ್ರ ಬೇರೆ ನಮೂದು ಆರಿಸಬಹುದು.

ಆದರೆ ಎರಡು ವಿಷಯ ತಿಳಿದಿರಲಿ. ಒಂದು, ಹೊರಗಿನಿಂದ ಹೈಪರ್‌ವೈಸರ್ ಪಟ್ಟಿ ಕೊಟ್ಟಿದ್ದರೆ, ಓವಿಎಂಎಫ್ ಪ್ರತಿ ಸಲ ಏಳುವಾಗ ತನ್ನ ನಮೂದುಗಳನ್ನು ಆ ಪಟ್ಟಿಗೆ ಹೊಂದಿಸಿ ಮತ್ತೆ ಜೋಡಿಸಿಕೊಳ್ಳುತ್ತದೆ. ಒಳಗೆ ಕೂತು ನೀವು ಶ್ರಮಪಟ್ಟು ಬದಲಿಸಿದ ಕ್ರಮ ಮರುದಿನ ಮಾಯವಾದರೆ ಕಾರಣ ಇದೇ. ಡಿಸ್ಕ್ ಆರಿಸುವುದನ್ನು ಹೊರಗಿನಿಂದಲೇ ಮಾಡಿ. ಎರಡನೆಯದು ಇನ್ನೂ ಕಿತಾಪತಿಯದ್ದು. ನಮೂದಿನಲ್ಲಿ ಡಿಸ್ಕಿನ ಹೆಸರು ಬರೆದಿರುವುದಿಲ್ಲ, ಜಿಪಿಟಿ ಎಂಬ ಪಾರ್ಟಿಶನ್ ಪಟ್ಟಿಯಲ್ಲಿರುವ ಪಾರ್ಟಿಶನ್‌ನ ಗುರುತು ಸಂಖ್ಯೆ ಬರೆದಿರುತ್ತದೆ. ಕಾಪಿ ಮಾಡಿದ ಡಿಸ್ಕಿನಲ್ಲೂ ಅದೇ ಸಂಖ್ಯೆ ಇರುತ್ತದಲ್ವಾ? ಹಾಗಾಗಿ ಎರಡೂ ಡಿಸ್ಕ್ ಆ ನಮೂದಿಗೆ ಹೊಂದುತ್ತವೆ.

ಎನ್‌ವಿರ‍್ಯಾಮ್ ಕಳೆದುಹೋದರೆ ಅಥವಾ ಹೊಸ ವಿಎಂಗೆ ಹಳೆಯ ಡಿಸ್ಕ್ ಹಾಕಿದರೆ ಯುಇಎಫ್‌ಐ ಶೆಲ್ ಎಂಬ ಹಳದಿ ಅಕ್ಷರದ ಪರದೆ ಎದುರಾಗಬಹುದು. ಗಾಬರಿ ಬೇಡ. ಹೀಗೆ ಮಾಡಿ:

1. ಶೆಲ್‌ನಲ್ಲಿ ಎಕ್ಸಿಟ್ ಎಂದು ಟೈಪ್ ಮಾಡಿ. ಫರ್ಮ್‌ವೇರ್ ಮೆನು ಬರುತ್ತದೆ. ಶುರುವಿನಲ್ಲಿ ಲೋಗೋ ಕಾಣುವಾಗ ಎಸ್ಕೇಪ್ ಒತ್ತಿದರೂ ಇದೇ ಮೆನು.
2. ಬೂಟ್ ಮೇಂಟೆನೆನ್ಸ್ ಮ್ಯಾನೇಜರ್ ಒಳಗೆ ಹೋಗಿ, ಬೂಟ್ ಫ್ರಮ್ ಫೈಲ್ ಆರಿಸಿ.
3. ಬೇಕಾದ ಡಿಸ್ಕ್ ಆರಿಸಿ. ಇಎಫ್‌ಐ ಫೋಲ್ಡರ್, ಅದರೊಳಗೆ ಡೆಬಿಯನ್ ಅಥವಾ ಉಬುಂಟು ಅಥವಾ ಫೆಡೋರಾ, ಅದರೊಳಗೆ ಶಿಮ್ ಅಥವಾ ಗ್ರಬ್ ಹೆಸರಿನ ಇಎಫ್‌ಐ ಫೈಲ್. ಅದನ್ನು ಒತ್ತಿದರೆ ವಿಎಂ ಏಳುತ್ತದೆ.
4. ಎದ್ದ ಮೇಲೆ ಗ್ರಬ್-ಇನ್‌ಸ್ಟಾಲ್ ಮತ್ತೆ ಓಡಿಸಿ, ನಮೂದು ಹೊಸದಾಗಿ ಬರೆಯಲ್ಪಡುತ್ತದೆ. ಫೆಡೋರಾ ಮಂದಿ ಇದನ್ನು ಮಾಡಬಾರದು. ಅವರು ಇಎಫ್‌ಐಬೂಟ್‌ಎಂಜಿಆರ್‌ನಿಂದಲೇ ಹೊಸ ನಮೂದು ಸೇರಿಸಲಿ.

ಪದೇಪದೇ ಡಿಸ್ಕ್ ಬದಲಿಸುವ ವಿಎಂ ಆದರೆ ಫಾಲ್‌ಬ್ಯಾಕ್ ಫೈಲ್ ಇದೆಯಾ ನೋಡಿಕೊಳ್ಳಿ. ನಮೂದು ಯಾವುದೂ ಇಲ್ಲದಾಗ ಫರ್ಮ್‌ವೇರ್ ಹುಡುಕುವುದು ಇಎಫ್‌ಐ ಫೋಲ್ಡರಿನ ಒಳಗಿನ ಬೂಟ್ ಫೋಲ್ಡರ್, ಅದರಲ್ಲಿ ಬೂಟ್‌ಎಕ್ಸ್64 ಎಂಬ ಫೈಲ್. ಡೆಬಿಯನ್‌ನಲ್ಲಿ ಗ್ರಬ್ ಪ್ಯಾಕೇಜನ್ನು ಡಿಪಿಕೆಜಿ-ರೀಕಾನ್ಫಿಗರ್ ಮಾಡಿದರೆ, ರಿಮೂವಬಲ್ ಮೀಡಿಯಾ ಪಾತ್‌ನಲ್ಲೂ ಹಾಕಲಾ ಎಂದು ಕೇಳುತ್ತದೆ. ಹೌದು ಅನ್ನಿ.

ಹೆಜ್ಜೆ 3: ಒಂದೇ ಯುಯುಐಡಿಯ ಎರಡು ಡಿಸ್ಕ್

ಈಗ ಶುರುವಿನ ಪ್ರಸಂಗಕ್ಕೆ ಬರೋಣ. ಬೂಟ್ ಆರ್ಡರ್ ಸರಿ ಇತ್ತು. ಹೊಸ ಡಿಸ್ಕಿನಿಂದಲೇ ಗ್ರಬ್ ಎದ್ದಿತು. ಆಮೇಲೆ ಏನಾಯಿತು?

ಗ್ರಬ್ ತನ್ನ ಕಾನ್ಫಿಗ್ ಓದಿತು. ಅದರಲ್ಲಿ ಸರ್ಚ್ ಎಂಬ ಸಾಲಿದೆ. ಇಂಥ ಯುಯುಐಡಿ ಇರುವ ಫೈಲ್‌ಸಿಸ್ಟಮ್ ಹುಡುಕು ಎಂದು ಅದು ಹೇಳುತ್ತದೆ. ಎರಡು ಡಿಸ್ಕಿನಲ್ಲೂ ಅದೇ ಯುಯುಐಡಿ. ಮೊದಲು ಸಿಕ್ಕಿದ್ದು ಹಿಡಿಯಿತು, ಅಲ್ಲಿಂದ ಕರ್ನಲ್ ಎತ್ತಿಕೊಂಡಿತು. ಕರ್ನಲ್‌ಗೆ ಸಿಕ್ಕ ಆಜ್ಞೆಯಲ್ಲೂ ರೂಟ್ ಎಂದರೆ ಅದೇ ಯುಯುಐಡಿ. ಇನಿಟ್‌ರಾಮ್‌ಎಫ್‌ಎಸ್ (ರೂಟ್ ಸಿಗುವ ಮುಂಚೆ ಓಡುವ ಪುಟ್ಟ ವ್ಯವಸ್ಥೆ) ಒಳಗಿನ ಯುಡೆವ್, ಡಿಸ್ಕ್‌ಗಳನ್ನು ಕಂಡ ಹಾಗೆ ಯುಯುಐಡಿ ಹೆಸರಿನ ಒಂದು ಕೊಂಡಿ ಮಾಡುತ್ತದೆ. ಒಂದೇ ಹೆಸರಿನ ಎರಡು ಕೊಂಡಿ ಇರಲು ಸಾಧ್ಯವಿಲ್ಲ, ಒಬ್ಬನದೇ ಉಳಿಯುತ್ತದೆ. ಯಾರದು ಉಳಿಯುತ್ತದೆ ಎನ್ನುವುದು ಆ ಗಳಿಗೆಯ ಓಟದ ಮೇಲೆ. ಇವತ್ತು ಹೊಸದು, ನಾಳೆ ಹಳೆಯದು. ಯಾವ ಫೈಲ್‌ಸಿಸ್ಟಮ್ ಎಲ್ಲಿ ಸೇರಬೇಕು ಎಂದು ಬರೆದಿರುವ ಎಫ್‌ಎಸ್‌ಟ್ಯಾಬ್ ಫೈಲೂ ಯುಯುಐಡಿಯನ್ನೇ ಹೇಳುತ್ತದೆ, ಹಾಗಾಗಿ ರೂಟ್ ಹೊಸದರಲ್ಲಿ, ಹೋಮ್ ಹಳೆಯದರಲ್ಲಿ ಎಂಬ ವಿಚಿತ್ರ ಬೆರಕೆಯೂ ಆಗಬಹುದು.

ಒಂದೇ ಮನೆ ನಂಬರ್ ಇರುವ ಎರಡು ಮನೆಗೆ ಕಾಗದ ಹಾಕಿದ ಹಾಗೆ. ಪೋಸ್ಟ್‌ಮ್ಯಾನ್‌ನ ತಪ್ಪೇನಿಲ್ಲ.

ಪರಿಹಾರ ಸುಲಭ, ಕ್ರಮ ಮಾತ್ರ ಮುಖ್ಯ.

ಮೊದಲು ಹಳೆಯ ಡಿಸ್ಕನ್ನು ವಿಎಂನಿಂದ ಕಳಚಿ. ವರ್ಟ್-ಮ್ಯಾನೇಜರ್‌ನಲ್ಲಿ ಆ ಡಿಸ್ಕಿನ ಮೇಲೆ ಬಲಗ್ಲಿಕ್ ಮಾಡಿ ರಿಮೂವ್ ಹಾರ್ಡ್‌ವೇರ್ ಒತ್ತಿದರೆ, ಸ್ಟೋರೇಜ್ ಫೈಲನ್ನೂ ಅಳಿಸಲಾ ಎಂಬ ಚೌಕ ಕಾಣುತ್ತದೆ. ಅದಕ್ಕೆ ಟಿಕ್ ಇಲ್ಲ ಎಂದು ಎರಡು ಸಲ ನೋಡಿ. ಹೊಸ ಡಿಸ್ಕ್ ಒಂದೇ ಇಟ್ಟುಕೊಂಡು ಬೂಟ್ ಮಾಡಿ. ಎದ್ದರೆ ಕಾಪಿ ಸರಿಯಾಗಿದೆ ಎಂಬುದು ಅನುಮಾನವಿಲ್ಲದೆ ಗೊತ್ತಾಯಿತು. ಹಳೆಯದು ಇನ್ನು ಬೇಡವಾದರೆ ಕೆಲಸ ಇಲ್ಲಿಗೇ ಮುಗಿಯಿತು. ಬಹಳ ಜನರಿಗೆ ಇಷ್ಟೇ ಸಾಕು.

ಹಳೆಯದನ್ನೂ ಅದೇ ವಿಎಂನಲ್ಲಿ ಇಡಬೇಕು ಅಂದರೆ, ಹಳೆಯದರ ಗುರುತುಗಳನ್ನು ಬದಲಿಸಿ. ಹೊಸದನ್ನು ಮುಟ್ಟಬೇಡಿ. ಎಷ್ಟೋ ಕಡೆ ಹೊಸ ಕಾಪಿಯ ಯುಯುಐಡಿ ಬದಲಿಸಲು ಹೇಳುತ್ತಾರೆ. ಹಾಗೆ ಮಾಡಿದರೆ ಎಫ್‌ಎಸ್‌ಟ್ಯಾಬ್, ಗ್ರಬ್ ಕಾನ್ಫಿಗ್, ಇನಿಟ್‌ರಾಮ್‌ಎಫ್‌ಎಸ್ ಎಲ್ಲವನ್ನೂ ತಿದ್ದಬೇಕು. ಇನ್ನು ಮುಂದೆ ಬೂಟ್ ಆಗಬೇಕಿಲ್ಲದ ಡಿಸ್ಕಿನ ಗುರುತು ಬದಲಿಸಿದರೆ ಏನನ್ನೂ ತಿದ್ದಬೇಕಿಲ್ಲ. ಆದರೆ ಆಮೇಲೆ ಆ ಹಳೆಯ ಡಿಸ್ಕ್ ತಾನಾಗಿ ಬೂಟ್ ಆಗುವುದಿಲ್ಲ, ಅದು ಬರೀ ಡೇಟಾ ಡಿಸ್ಕ್.

ಬದಲಿಸುವ ಕೆಲಸವನ್ನು ಬೇರೊಂದು ವಿಎಂನಲ್ಲಿ ಮಾಡುವುದು ಕ್ಷೇಮ. ಹಳೆಯ ಡಿಸ್ಕನ್ನು ಅಲ್ಲಿಗೆ ಸೇರಿಸಿ, ಮೌಂಟ್ ಮಾಡದೆ:

ಫೈಲ್‌ಸಿಸ್ಟಮ್ ಇಎಕ್ಸ್‌ಟಿ4 ಆದರೆ ಮೊದಲು ಇ2ಎಫ್‌ಎಸ್‌ಸಿಕೆ ಮೈನಸ್ ಎಫ್ ಓಡಿಸಿ, ಆಮೇಲೆ ಟ್ಯೂನ್2ಎಫ್‌ಎಸ್‌ಗೆ ದೊಡ್ಡ ಯು, ಮುಂದೆ ರ‍್ಯಾಂಡಮ್ ಎಂದು ಕೊಡಿ. ಎಕ್ಸ್‌ಎಫ್‌ಎಸ್ ಆದರೆ ಎಕ್ಸ್‌ಎಫ್‌ಎಸ್-ಅಡ್ಮಿನ್‌ಗೆ (ನಡುವಿನ ಗೆರೆ ಅಂಡರ್‌ಸ್ಕೋರ್) ದೊಡ್ಡ ಯು, ಮುಂದೆ ಜನರೇಟ್. ಎಕ್ಸ್‌ಎಫ್‌ಎಸ್ ಒಂದು ರೀತಿಯಲ್ಲಿ ಒಳ್ಳೆಯದು, ಒಂದೇ ಯುಯುಐಡಿಯ ಎರಡನೇ ಫೈಲ್‌ಸಿಸ್ಟಮ್ ಮೌಂಟ್ ಮಾಡಲು ಹೋದರೆ ಅದೇ ತಡೆಯುತ್ತದೆ. ಎಲ್‌ವಿಎಂ ಇದ್ದರೆ ವಿಜಿಇಂಪೋರ್ಟ್‌ಕ್ಲೋನ್ ಎಂಬ ಕಮಾಂಡ್ ಇದೇ ಕೆಲಸಕ್ಕೆಂದು ಇದೆ, ವಾಲ್ಯೂಮ್ ಗ್ರೂಪಿನ ಹೆಸರನ್ನೂ ಗುರುತನ್ನೂ ಒಟ್ಟಿಗೆ ಬದಲಿಸುತ್ತದೆ. ಸ್ವಾಪ್‌ಗೆ ಸ್ವಾಪ್‌ಲೇಬಲ್. ಇಷ್ಟರ ಜೊತೆ ಎಸ್‌ಜಿಡಿಸ್ಕ್‌ಗೆ ದೊಡ್ಡ ಜಿ ಕೊಟ್ಟು ಜಿಪಿಟಿ ಗುರುತುಗಳನ್ನೂ ಬದಲಿಸಿ. ಯುಇಎಫ್‌ಐ ನಮೂದಿನ ಗೊಂದಲ ತೀರುವುದು ಇದರಿಂದ.

ಬಿಟಿಆರ್‌ಎಫ್‌ಎಸ್ ಇದ್ದರೆ ಜಾಸ್ತಿ ಹುಷಾರು. ಒಂದೇ ಯುಯುಐಡಿ ಇರುವ ಎರಡು ಡಿಸ್ಕ್ ಕಂಡರೆ ಅದು ಎರಡನ್ನೂ ಒಂದೇ ಫೈಲ್‌ಸಿಸ್ಟಮ್ ಎಂದು ತಿಳಿಯಬಹುದು, ಡೇಟಾ ಕೆಡಬಹುದು. ಕಾಪಿಯನ್ನೂ ಮೂಲವನ್ನೂ ಒಂದೇ ಯಂತ್ರಕ್ಕೆ ಒಟ್ಟಿಗೆ ತೋರಿಸಲೇಬೇಡಿ.

ನಿಜವಾಗಿ ಯಾವುದರಿಂದ ಎದ್ದಿದೆ?

ಲಾಗಿನ್ ಪರದೆ ನಂಬಬೇಡಿ. ಒಳಗೆ ಹೋಗಿ ಫೈಂಡ್‌ಎಂಎನ್‌ಟಿ ಕಮಾಂಡ್ ಕೊಟ್ಟು ಮುಂದೆ ಒಂದು ಸ್ಲ್ಯಾಶ್ ಹಾಕಿ. ರೂಟ್ ಯಾವ ಪಾರ್ಟಿಶನ್ ಮೇಲಿದೆ ಎಂದು ಸೋರ್ಸ್ ಕಾಲಮ್ಮಿನಲ್ಲಿ ಬರುತ್ತದೆ. ವಿಡಿಬಿ2 ಎಂದು ಬಂತು ಅನ್ನಿ. ಈಗ ಎಲ್‌ಎಸ್‌ಬಿಎಲ್‌ಕೆ ಮೈನಸ್ ಓ ಕೊಟ್ಟು ನೇಮ್, ಸೀರಿಯಲ್, ಯುಯುಐಡಿ, ಮೌಂಟ್‌ಪಾಯಿಂಟ್ ಕಾಲಮ್ಮುಗಳನ್ನು ಕೇಳಿ. ವಿಡಿಬಿ ಮುಂದೆ ನೀವು ಕೊಟ್ಟ ಸೀರಿಯಲ್ ಹೆಸರು ಕಾಣುತ್ತದೆ. ಹೊಸದರ ಹೆಸರಿದ್ದರೆ ಸರಿ. ಒಂದೇ ಯುಯುಐಡಿ ಎರಡು ಸಾಲಿನಲ್ಲಿ ಕಂಡರೆ ಇವತ್ತು ಸರಿ ಇದ್ದರೂ ನಾಳೆಗೆ ಖಾತ್ರಿಯಿಲ್ಲ. ಬೂಟ್, ಹೋಮ್, ಬೂಟ್ ಒಳಗಿನ ಇಎಫ್‌ಐ, ಇವುಗಳ ಸಾಲನ್ನೂ ಹಾಗೇ ಓದಿ. ರೂಟ್ ಮಾತ್ರ ನೋಡಿ ಬಿಟ್ಟರೆ, ಮುಂದಿನ ಕರ್ನಲ್ ಅಪ್‌ಡೇಟ್ ಹಳೆಯ ಡಿಸ್ಕಿನ ಬೂಟ್ ಫೋಲ್ಡರಿಗೆ ಹೋಗಿ ಕೂರಬಹುದು.

ಒಂದೇ ಸಲಕ್ಕೆ ಬೇರೆ ಡಿಸ್ಕ್

ರೆಸ್ಕ್ಯೂ ಐಎಸ್‌ಓದಿಂದ ಒಮ್ಮೆ ಎಬ್ಬಿಸಬೇಕು, ಅದಕ್ಕಾಗಿ ಪಟ್ಟಿ ಬದಲಿಸಿ ಆಮೇಲೆ ಮತ್ತೆ ಸರಿಮಾಡುವುದು ಬೇಸರ. ಬೂಟ್ ಆಪ್ಶನ್ಸ್‌ನಲ್ಲಿ ಎನೇಬಲ್ ಬೂಟ್ ಮೆನು ಎಂಬ ಟಿಕ್ ಹಾಕಿಡಿ. ಸೀಬಯಾಸ್‌ನಲ್ಲಿ ಎಸ್ಕೇಪ್ ಒತ್ತಿದರೆ ಪಟ್ಟಿ ಬರುತ್ತದೆ, ಅಂಕಿ ಒತ್ತಿ ಆರಿಸುವುದು. ಕನ್ಸೋಲ್ ತೆರೆಯುವಷ್ಟರಲ್ಲಿ ಸಮಯ ಮುಗಿದುಹೋಗುತ್ತಿದ್ದರೆ, ಎಕ್ಸ್‌ಎಂಎಲ್‌ನ ಬೂಟ್‌ಮೆನು ಟ್ಯಾಗಿಗೆ ಟೈಮ್‌ಔಟ್ 5000 ಎಂದು ಸೇರಿಸಿ. ಇದು ಮಿಲಿಸೆಕೆಂಡ್ ಲೆಕ್ಕ, ಅಂದರೆ 5 ಸೆಕೆಂಡ್. ಎಸ್ಕೇಪ್ ಒತ್ತುವ ಮುಂಚೆ ಕನ್ಸೋಲ್ ಕಿಟಕಿಯೊಳಗೆ ಒಮ್ಮೆ ಕ್ಲಿಕ್ ಮಾಡಿ, ಇಲ್ಲದಿದ್ದರೆ ಕೀಲಿ ವಿಎಂಗೆ ತಲುಪುವುದಿಲ್ಲ. ಸ್ಕ್ರಿಪ್ಟ್ ಬರೆಯುವವರಿಗೆ ವರ್ಟ್-ಎಕ್ಸ್‌ಎಂಎಲ್ ಕಮಾಂಡಿನ ನೋ-ಡಿಫೈನ್ ಮತ್ತು ಸ್ಟಾರ್ಟ್ ಎಂಬ ಜೋಡಿ ಇದೆ. ಬದಲಾವಣೆ ಆ ಒಂದು ಓಟಕ್ಕೆ ಮಾತ್ರ, ಉಳಿಸಿದ ಕಾನ್ಫಿಗ್ ಹಾಗೇ ಇರುತ್ತದೆ.

ಬೇರೆ ಹೈಪರ್‌ವೈಸರ್ ಬಳಸುವವರಿಗೆ

ವರ್ಚುವಲ್‌ಬಾಕ್ಸ್. ಸೆಟ್ಟಿಂಗ್ಸ್, ಸಿಸ್ಟಮ್, ಮದರ್‌ಬೋರ್ಡ್ ಒಳಗಿನ ಬೂಟ್ ಆರ್ಡರ್‌ನಲ್ಲಿ ಫ್ಲಾಪಿ, ಆಪ್ಟಿಕಲ್, ಹಾರ್ಡ್ ಡಿಸ್ಕ್, ನೆಟ್‌ವರ್ಕ್ ಎಂಬ ನಾಲ್ಕು ಜಾತಿಗಳಷ್ಟೇ ಇವೆ. ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಯಾವುದು ಎಂದು ಅಲ್ಲಿ ಹೇಳಲಾಗದು. ಅದಕ್ಕೆ ಸ್ಟೋರೇಜ್ ಭಾಗಕ್ಕೆ ಹೋಗಿ, ಬೂಟ್ ಆಗಬೇಕಾದ ಡಿಸ್ಕನ್ನು ಸಾಟಾ ಪೋರ್ಟ್ 0ಕ್ಕೆ, ಇನ್ನೊಂದನ್ನು ಪೋರ್ಟ್ 1ಕ್ಕೆ ಹಾಕಿ. ಒಂದು ಸಲಕ್ಕೆ ಮಾತ್ರ ಬೇಕಿದ್ದರೆ ಲೋಗೋ ಕಾಣುವಾಗ ಎಫ್12. ಡಿಸ್ಕ್ ಫೈಲನ್ನು ಸಾಮಾನ್ಯ ಫೈಲಿನ ಹಾಗೆ ಕಾಪಿ ಮಾಡಿದ್ದರೆ, ಈ ಯುಯುಐಡಿ ಆಗಲೇ ಇದೆ ಎಂದು ವರ್ಚುವಲ್‌ಬಾಕ್ಸ್ ತಗಾದೆ ತೆಗೆಯುತ್ತದೆ. ಅದು ಡಿಸ್ಕ್ ಫೈಲಿನ ಯುಯುಐಡಿ, ಒಳಗಿನ ಫೈಲ್‌ಸಿಸ್ಟಮ್‌ನದ್ದಲ್ಲ. ವಿಬಾಕ್ಸ್‌ಮ್ಯಾನೇಜ್‌ನ ಕ್ಲೋನ್‌ಮೀಡಿಯಂ ಬಳಸಿದರೆ ಈ ತಗಾದೆ ಇರುವುದಿಲ್ಲ, ಆದರೆ ಒಳಗಿನ ಫೈಲ್‌ಸಿಸ್ಟಮ್ ಗುರುತು ಅವಳಿಯಾಗಿಯೇ ಉಳಿಯುತ್ತದೆ.

ಪ್ರಾಕ್ಸ್‌ಮಾಕ್ಸ್. ಇದರ ಒಳಗಿರುವುದೂ ಕೆಮುವೇ, ಹಾಗಾಗಿ ಮೇಲೆ ಹೇಳಿದ್ದೆಲ್ಲ ಅನ್ವಯಿಸುತ್ತದೆ. ವಿಎಂ ಆರಿಸಿ, ಆಪ್ಶನ್ಸ್, ಬೂಟ್ ಆರ್ಡರ್, ಎಡಿಟ್. ಸಾಲುಗಳನ್ನು ಎಳೆದು ಜೋಡಿಸಿ, ಟಿಕ್ ಹಾಕಿ. ಹೊಸದಾಗಿ ಸೇರಿಸಿದ ಡಿಸ್ಕ್‌ಗೆ ಟಿಕ್ ಇರುವುದಿಲ್ಲ, ಅದನ್ನು ಮರೆಯುವವರೇ ಹೆಚ್ಚು. ಯುಇಎಫ್‌ಐ ಇದ್ದರೆ ಇಎಫ್‌ಐ ಡಿಸ್ಕ್ ಎಂಬ ಪುಟ್ಟ ಡಿಸ್ಕ್ ಸೇರಿಸಿರಲೇಬೇಕು, ಬೂಟ್ ನಮೂದುಗಳು ಉಳಿಯುವುದು ಅದರಲ್ಲೇ.

ವಿಎಂವೇರ್ ವರ್ಕ್‌ಸ್ಟೇಷನ್. ವಿಎಂ ಮೆನುವಿನ ಪವರ್ ಒಳಗೆ ಪವರ್ ಆನ್ ಟು ಫರ್ಮ್‌ವೇರ್ ಇದೆ, ಕೀಲಿ ಒತ್ತಲು ಓಡಾಡಬೇಕಿಲ್ಲ. ಬಯಾಸ್ ಆದರೆ ಬೂಟ್ ಟ್ಯಾಬಿನಲ್ಲಿ ಹಾರ್ಡ್ ಡ್ರೈವ್ ಸಾಲಿನ ಪಕ್ಕ ಒಂದು ಪ್ಲಸ್ ಗುರುತಿರುತ್ತದೆ. ಅದರ ಮೇಲೆ ಎಂಟರ್ ಒತ್ತಿದರೆ ಒಳಗಿನ ಡಿಸ್ಕ್‌ಗಳು ಬಿಚ್ಚಿಕೊಳ್ಳುತ್ತವೆ, ಪ್ಲಸ್ ಮೈನಸ್ ಕೀಲಿಯಿಂದ ಮೇಲೆ ಕೆಳಗೆ ಸರಿಸಿ. ಆ ಪ್ಲಸ್ ಕಣ್ಣಿಗೆ ಬೀಳದೆ, ಇಲ್ಲಿ ಒಂದೇ ಡಿಸ್ಕ್ ತೋರಿಸುತ್ತಿದೆ ಎಂದು ಒದ್ದಾಡುವುದು ಸಾಮಾನ್ಯ. ವಿಎಂ ಆಫ್ ಇರುವಾಗ ವಿಎಂಎಕ್ಸ್ ಫೈಲಿನಲ್ಲಿ ಬಯಾಸ್ ಡಾಟ್ ಎಚ್‌ಡಿಡಿಆರ್ಡರ್ ಎಂಬ ಸಾಲು ಸೇರಿಸಿ ಸ್ಕಸಿ0:1 ಹೀಗೆ ಡಿಸ್ಕ್ ಹೆಸರು ಬರೆದರೂ ಆಗುತ್ತದೆ.

ಹೈಪರ್-ವಿ. ಇಲ್ಲಿ ಜನರೇಶನ್ ನೋಡಿ. ಜನರೇಶನ್ 1 ವಿಎಂ ಐಡಿಇ ಡಿಸ್ಕಿನಿಂದ ಮಾತ್ರ ಬೂಟ್ ಆಗುತ್ತದೆ, ಸ್ಕಸಿ ಡಿಸ್ಕ್ ಎಷ್ಟೇ ಮೇಲಿಟ್ಟರೂ ಇಲ್ಲ. ಬೇಕಾದ ಡಿಸ್ಕನ್ನು ಐಡಿಇ ಕಂಟ್ರೋಲರ್ 0, ಲೊಕೇಶನ್ 0ಕ್ಕೆ ಹಾಕಿ. ಜನರೇಶನ್ 2ರಲ್ಲಿ ಸೆಟ್ಟಿಂಗ್ಸ್ ಒಳಗಿನ ಫರ್ಮ್‌ವೇರ್‌ನಲ್ಲಿ ಪ್ರತಿ ಡಿಸ್ಕ್ ಬೇರೆಯಾಗಿ ಕಾಣುತ್ತದೆ. ವಿಂಡೋಸ್ ಇನ್‌ಸ್ಟಾಲ್ ಆದ ಮೇಲೆ ಬೂಟ್‌ಎಂಜಿಎಫ್‌ಡಬ್ಲ್ಯೂ ಎಂಬ ಫೈಲ್ ನಮೂದು ಪಟ್ಟಿಯ ತುದಿಗೆ ಹೋಗಿ ಕೂರುತ್ತದೆ. ಡಿವಿಡಿ ಅಥವಾ ಬೇರೆ ಡಿಸ್ಕಿನಿಂದ ಎಬ್ಬಿಸಬೇಕಾದರೆ ಅದಕ್ಕಿಂತ ಮೇಲಕ್ಕೆ ತನ್ನಿ.

ವಿಂಡೋಸ್ ವಿಎಂ ಇದ್ದವರಿಗೆ

ಕ್ರಮ ಸರಿ ಇದ್ದರೂ ವಿಂಡೋಸ್ ನೀಲಿ ಪರದೆ ತೋರಿಸಿ, ಇನ್ಯಾಕ್ಸೆಸಿಬಲ್ ಬೂಟ್ ಡಿವೈಸ್ ಎನ್ನುವುದುಂಟು. ಕಾಪಿ ಮಾಡಿದ ಡಿಸ್ಕನ್ನು ಸಾಟಾ ಬದಲು ವರ್ಟ್‌ಐಓ ಎಂದು ಸೇರಿಸಿದಾಗ ಹೀಗಾಗುತ್ತದೆ. ಫರ್ಮ್‌ವೇರ್‌ಗೆ ಡಿಸ್ಕ್ ಓದಲು ಬರುತ್ತದೆ, ವಿಂಡೋಸ್‌ಗೆ ಡ್ರೈವರ್ ಇಲ್ಲ. ಡಿಸ್ಕನ್ನು ಮೊದಲಿನ ಹಾಗೆ ಸಾಟಾಗೇ ಹಾಕಿ ಎಬ್ಬಿಸಿ. 1 ಜಿಬಿಯ ಒಂದು ಖಾಲಿ ಡಿಸ್ಕನ್ನು ವರ್ಟ್‌ಐಓ ಆಗಿ ಸೇರಿಸಿ. ವರ್ಟ್‌ಐಓ-ವಿನ್ ಐಎಸ್‌ಓದಿಂದ ಡ್ರೈವರ್ ಹಾಕಿ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಖಾಲಿ ಡಿಸ್ಕ್ ಕಾಣುವವರೆಗೆ ಮುಂದೆ ಹೋಗಬೇಡಿ. ಕಂಡ ಮೇಲೆ ಶಟ್‌ಡೌನ್ ಮಾಡಿ, ಖಾಲಿ ಡಿಸ್ಕ್ ತೆಗೆದು, ಮುಖ್ಯ ಡಿಸ್ಕನ್ನು ವರ್ಟ್‌ಐಓಗೆ ಬದಲಿಸಿ. ಬಸ್ ಬದಲಿಸಿದ ಮೇಲೆ ಬೂಟ್ ಆಪ್ಶನ್ಸ್‌ಗೆ ಮತ್ತೊಮ್ಮೆ ಹೋಗಿ ಟಿಕ್ ಉಳಿದಿದೆಯಾ ನೋಡಿ. ಡಿಸ್ಕ್ ತೆಗೆದು ಹೊಸದಾಗಿ ಸೇರಿಸಿದ್ದರೆ ಅದು ಹೋಗಿರುತ್ತದೆ.

ಕಾಪಿಯನ್ನೂ ಮೂಲವನ್ನೂ ಒಟ್ಟಿಗೆ ಹಾಕಿದರೆ ವಿಂಡೋಸ್ ಎರಡರ ಡಿಸ್ಕ್ ಸಿಗ್ನೇಚರ್ ಒಂದೇ ಎಂದು ಕಂಡು, ಒಂದನ್ನು ಆಫ್‌ಲೈನ್ ಎಂದು ಪಕ್ಕಕ್ಕಿಡುತ್ತದೆ. ಅದನ್ನು ಬಲಗ್ಲಿಕ್ ಮಾಡಿ ಆನ್‌ಲೈನ್ ಮಾಡಿದರೆ ವಿಂಡೋಸ್ ಆ ಡಿಸ್ಕಿಗೆ ಹೊಸ ಸಿಗ್ನೇಚರ್ ಬರೆಯುತ್ತದೆ. ಅದು ಹಳೆಯ ಡಿಸ್ಕ್ ಆಗಿದ್ದರೆ ಪರವಾಗಿಲ್ಲ. ಮುಂದೆ ಬೂಟ್ ಆಗಬೇಕಾದ ಕಾಪಿಯೇ ಆಗಿದ್ದರೆ, ಅದರೊಳಗಿನ ಬೂಟ್ ಕಾನ್ಫಿಗ್ ಹಳೆಯ ಸಿಗ್ನೇಚರನ್ನೇ ಹುಡುಕುತ್ತಾ ನಿಲ್ಲುತ್ತದೆ, ರಿಪೇರಿ ಮಾಡಬೇಕಾಗುತ್ತದೆ. ಹಾಗಾಗಿ ಆನ್‌ಲೈನ್ ಒತ್ತುವ ಮುಂಚೆ ಅದು ಯಾವ ಡಿಸ್ಕ್ ಎಂದು ಸೀರಿಯಲ್ ನೋಡಿ.